ಕಿಟಕಿಯ ಹುರಿ

ಜನವರಿ 17, 2001, ಬುಧವಾರ

ಇವತ್ತು ಆಫೀಸಿಗೆ ಆ ಕಾಗದ ಬಂತು. ಓದಿದ ಮೇಲೆ ಯಾರ ಜೊತೆಗೂ ಮಾತು ಬೇಡವೆನಿಸಿತು. ಹಳೆಯ ಟ್ರಂಕ್ ಕಾಲ್ ಚೀಟಿಗಳ ಕಟ್ಟೊಂದು ರದ್ದಿಗೆ ಹೋಗುವುದಿತ್ತು. ಅದನ್ನು ಮನೆಗೆ ತಂದು, ಚೀಟಿಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಹತ್ತೊಂಬತ್ತು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನವರ ಮಾತನ್ನೆಲ್ಲ ಅತ್ತಿಂದಿತ್ತ ದಾಟಿಸಿದ ಪಕ್ಕೀರಮ್ಮನ ಮಾತು ಕೇಳಲು ಈ ಚೀಟಿಗಳೇ ಗತಿ.

ಕಾಗದದಲ್ಲಿ ಇರುವುದಿಷ್ಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರಿನ ಎಕ್ಸ್‌ಚೇಂಜುಗಳಲ್ಲಿ ಇನ್ನು ಆಪರೇಟರುಗಳು ಬೇಡ. ಜನ ತಾವೇ ಎಸ್‌ಟಿಡಿ ತಿರುಗಿಸಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ನಮಗೊಂದು ಪರೀಕ್ಷೆ: ದೂರಸಂಪರ್ಕದ ಮೂಲತತ್ವಗಳು, ನೆಟ್‌ವರ್ಕ್, ಅದರ ಭದ್ರತೆ. ಪಾಸಾದರೆ ಇದ್ದ ಊರಿನಲ್ಲೇ ತಾಂತ್ರಿಕ ಸಹಾಯಕಿ. ನಪಾಸಾದರೆ ಬಳ್ಳಾರಿಯ ವಿಚಾರಣಾ ವಿಭಾಗಕ್ಕೆ, ಅಂದರೆ ಕೇಳಿದವರಿಗೆ ನಂಬರು ಹೇಳುವ ಕೆಲಸಕ್ಕೆ, ಕಾಯಂ ವರ್ಗ. ನಲವತ್ತಮೂರನೇ ವಯಸ್ಸಿಗೆ ಪರೀಕ್ಷೆಯಂತೆ! ಇವರ ತಲೆ ನೆಟ್ಟಗಿದೆಯೋ ಇಲ್ಲವೋ.

ಮಾರಿಗೆ ಹೇಳಿಲ್ಲ. ಹೇಳುವುದಾದರೂ ಹೇಗೆ? ನನ್ನ ತಂಗಿ ಮಾರೆಮ್ಮ ಹುಟ್ಟು ಕಿವುಡಿ, ಮಾತೂ ಬಾರದು. ಅವಳ ಕೈಭಾಷೆ ಯಾವ ಶಾಲೆಯದೂ ಅಲ್ಲ, ಈ ಮನೆಯಲ್ಲೇ ಹುಟ್ಟಿದ್ದು. ಅವಳು ಕಿವಿ ಮುಟ್ಟಿಕೊಂಡರೆ ನಾನು, ಹೆಡ್‌ಫೋನಿನ ಅಕ್ಕ. ಮೊಣಕೈ ಊರಿ ತೋಳು ನೆಟ್ಟಗೆ ನಿಲ್ಲಿಸಿದರೆ ನಮ್ಮಪ್ಪ, ಅಂದರೆ ಟೆಲಿಫೋನ್ ಕಂಬ. ತೊಂಬತ್ತನಾಲ್ಕರಲ್ಲಿ ನನ್ನನ್ನು ಎರಡು ತಿಂಗಳು ಬಳ್ಳಾರಿಗೆ ಹಾಕಿದಾಗ ಅವಳನ್ನೂ ಕರೆದೊಯ್ದಿದ್ದೆ. ನಲ್ಲಿಯ ಹತ್ತಿರ ಹೆಂಗಸರು ಅವಳ ಕೈ ನೋಡಿ ನಕ್ಕರು. ಕೂಡ್ಲಿಗಿಗೆ ತಿರುಗಿ ಬಂದ ಮೇಲೂ ಒಂದು ತಿಂಗಳು ಅವಳ ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದಿದ್ದವು. ಅವಳನ್ನು ಮತ್ತೆ ಅಲ್ಲಿಗೆ ಒಯ್ಯಲಾರೆ. ಇಲ್ಲಿ ಒಬ್ಬಳನ್ನೇ ಬಿಡಲಾರೆ. ನನ್ನ ಹೊರತು ಅವಳ ಮಾತು ತಿಳಿಯುವವರು ಈ ಭೂಮಿಯ ಮೇಲೆ ಯಾರಿದ್ದಾರೆ?

ಪಾಸಾಗಲೇಬೇಕು.

ಜನವರಿ 20, ಶನಿವಾರ

ಮೊದಲ ಪಾಠ. ನಮ್ಮ ಎಕ್ಸ್‌ಚೇಂಜಿನಲ್ಲೇ, ಬ್ಯಾಟರಿ ಕೋಣೆಯ ಪಕ್ಕದ ಹಾಲಿನಲ್ಲಿ ಐದೂ ಊರಿನ ಹದಿನಾಲ್ಕು ಆಪರೇಟರುಗಳು ಕೂತಿದ್ದೆವು. ಇನ್ನು ಪ್ರತಿ ಶನಿವಾರ ಹೀಗೆಯೇ. ಪಾಠ ಹೇಳುವವರು ಗವಿಸಿದ್ದೇಶ್ ಸರ್, ಹರಪನಹಳ್ಳಿಯ ಕಿರಿಯ ಎಂಜಿನಿಯರ್. ವಯಸ್ಸು ಇಪ್ಪತ್ತಾರು. ನಾನು ನೌಕರಿಗೆ ಸೇರಿದಾಗ ಈತ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಓಡಾಡುತ್ತಿದ್ದಿರಬೇಕು. ಅರ್ಧ ಪಾಠ ಇಂಗ್ಲಿಷು. ನಾನು ಒಂದೂ ಪ್ರಶ್ನೆ ಕೇಳಲಿಲ್ಲ, ಕೇಳಿ ಸಣ್ಣವಳಾಗುವುದು ಬೇಡ.

ಕಂಪ್ಯೂಟರಿಗೆ ಎಲ್ಲರೂ ಒಂದೊಂದು ಗುಟ್ಟಿನ ಪದ ಹಾಕಿ ಎಂದರು. ಹಾಕಿದೆವು. ಕೊಟ್ಟೂರಿನ ನಾಲ್ವರ ಪದಗಳನ್ನೂ ಆತ ಒಂದೇ ನಿಮಿಷದಲ್ಲಿ ತೆರೆದು ತೋರಿಸಿದರು. ನಾಲ್ವರೂ ಕೊಟ್ಟೂರೇಶನ ಹೆಸರನ್ನೇ ಹಾಕಿದ್ದರು! ಅವರಲ್ಲೊಬ್ಬಳಾದ ಕೊಟ್ರಮ್ಮ ಸಿಟ್ಟಾಗಿ ಎದ್ದು ನಿಂತಳು.

"ಸ್ವಾಮಿ ಹೆಸರು ಹಾಕಿದ್ರ ಯಾರರ ಕೈ ಹಚ್ಚತಾರೇನ್ರಿ?"

"ನಾನೂ ಅದೇ ಸ್ವಾಮಿ ಭಕ್ತನೇ ಅಮ್ಮಾ. ಅದಕ್ಕೇ ಮೊದಲ್ನೇ ಸಲಕ್ಕೇ ಬಾಗಿಲು ತೆಗೀತು ನೋಡ್ರಿ."

ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಹಾಕಿದ್ದು 'ಮಾರಿ' ಎಂದು. ಅದನ್ನೂ ಈತ ಕಂಡುಹಿಡಿದಾನು, ಬದಲಿಸಬೇಕು.

ಫೆಬ್ರವರಿ 3, ಶನಿವಾರ

ಸರ್ ಬೋರ್ಡಿನ ಮೇಲೆ ಎರಡು ಡಬ್ಬಿ ಬರೆದು, ನಡುವೆ ಮೂರು ಬಾಣ ಎಳೆದರು. ಎರಡು ಕಂಪ್ಯೂಟರುಗಳು ಮಾತು ಶುರು ಮಾಡುವ ಮುಂಚೆ ಹೀಗೆ ಮೂರು ಸಲ ಕೈಕುಲುಕುತ್ತವಂತೆ. 'ಇದ್ದೀಯಾ?' ಎಂದು ಇತ್ತಲಿಂದ. 'ಇದ್ದೇನೆ, ನಾನು ಹೇಳಿದ್ದು ಕೇಳಿತಾ?' ಎಂದು ಅತ್ತಲಿಂದ. 'ಹೂಂ, ಕೇಳಿತು' ಎಂದು ಮತ್ತೆ ಇತ್ತಲಿಂದ. ಆಮೇಲೆಯೇ ಮುಂದಿನ ಮಾತು.

ಮೆಲ್ಲಗೆ ಬಾಯಿಂದ ಬಂದುಬಿಟ್ಟಿತು: ಇದು ನಮ್ಮ ಮನೆಯ ಹುರಿ!

ನಮ್ಮಪ್ಪ ಜೋಗಪ್ಪ ಇಲಾಖೆಯ ದಿನಗೂಲಿ. ಕೂಡ್ಲಿಗಿಯಿಂದ ಗುಡೇಕೋಟೆಯವರೆಗೆ ಕಂಬಗಳಿಗೆ ಕುಣಿ ತೋಡಿದವನು. ಒಂದು ದಿನವೂ ಫೋನಿನಲ್ಲಿ ಮಾತಾಡಿದವನಲ್ಲ. ಬಾಗಿಲು ತಟ್ಟಿದರೆ ಮಾರಿಗೆ ಕೇಳಿಸುವುದಿಲ್ಲವೆಂದು ಪುಂಡಿನಾರಿನ ಹುರಿಯೊಂದನ್ನು ಕಿಟಕಿಯ ತೂತಿನಿಂದ ಒಳಗೆ ಬಿಟ್ಟು, ಒಳಗಿನ ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ. ಹೊರಗೆ ಎಳೆದರೆ ಒಳಗೆ ಬಟ್ಟೆ ಕುಣಿಯುತ್ತದೆ. ಮೊದಲು ಒಂದೇ ಸಲ ಎಳೆದರೆ ಸಾಕಿತ್ತು. ಪಕ್ಕದ ಮನೆಯ ಹುಲುಗಣ್ಣನ ಮೇಕೆ ಹುರಿಯನ್ನು ಜಗಿದು, ಮಾರಿ ಬಾಗಿಲು ತೆರೆದು, ಅದು ಒಳನುಗ್ಗಿ ಅರ್ಧ ಸೇರು ತೊಗರಿಬೇಳೆ ಮುಕ್ಕಿದ ಮೇಲೆ ಅಪ್ಪ ಲೆಕ್ಕ ಕಟ್ಟಿದ: ಹೊರಗಿನಿಂದ ಒಂದು, ಒಳಗಿನಿಂದ ಎರಡು, ಮತ್ತೆ ಹೊರಗಿನಿಂದ ಮೂರು. ಆಮೇಲೆ ಅಗಳಿ ತೆಗೆಯುವುದು. ಅಪ್ಪ ಹೋಗಿ ಹನ್ನೊಂದು ವರ್ಷ. ಹುರಿ ಮೂರು ಸಲ ಬದಲಾಗಿದೆ, ಲೆಕ್ಕ ಅದೇ.

"ಏನೋ ಅಂದ್ರಲ್ಲ ಪಕ್ಕೀರಮ್ಮೋರೆ?" ಎಂದು ಸರ್ ಕೇಳಿದರು. ಏನಿಲ್ಲ ಎಂದುಬಿಟ್ಟೆ. ಇಷ್ಟು ಜನರ ಮುಂದೆ ಹುರಿ, ಮೇಕೆ ಎಂದು ಏನು ಹೇಳುವುದು?

ಫೆಬ್ರವರಿ 6

ಓದಿದೆ. ತಲೆಗೆ ಹತ್ತಲಿಲ್ಲ. ಮಲಗುತ್ತೇನೆ.

ಫೆಬ್ರವರಿ 13, ಮಂಗಳವಾರ

ಮಾರಿಗೆ ಗೊತ್ತಾಯಿತು. ನಾನೇ ಕಲಿಸಿದ ನಾಲ್ಕಕ್ಷರ ನನಗೇ ಮುಳುವಾಯಿತು. ಪೆಟ್ಟಿಗೆಯಲ್ಲಿದ್ದ ಕಾಗದದಲ್ಲಿ 'ಬಳ್ಳಾರಿ' ಎಂಬುದನ್ನು ಕೂಡಿಸಿ ಓದಿ, ಅದನ್ನು ನನ್ನ ಮುಖಕ್ಕೆ ಹಿಡಿದಳು. ಎಲ್ಲ ಹೇಳಿದೆ. ಅವಳು ನನ್ನನ್ನು ತೋರಿಸಿ 'ಹೋಗು' ಎಂದಳು, ತನ್ನನ್ನು ತೋರಿಸಿಕೊಂಡು ನೆಲ ಮುಟ್ಟಿದಳು. ತಾನು ಇಲ್ಲೇ ಇರುತ್ತಾಳಂತೆ!

ಸಿಟ್ಟು ನೆತ್ತಿಗೇರಿತು. ಯಾರು ನಿನ್ನ ಮಾತು ತಿಳಿಯುವವರು ಎಂದು ಕೇಳಿದೆ. ಅವಳು ಮುಷ್ಟಿ ತಿರುಗಿಸಿದಳು. ಗಿರಣಿ ಎಂದರ್ಥ. ಬೆನಕಪ್ಪನ ಹಿಟ್ಟಿನ ಗಿರಣಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಾಳೆ. ಗಿರಣಿಯೇನು ನಿನ್ನ ತವರುಮನೆಯಾ ಎಂದೆ. ಇಬ್ಬರೂ ಊಟ ಮಾಡಲಿಲ್ಲ.

ಫೆಬ್ರವರಿ 22, ಗುರುವಾರ

ನಿನ್ನೆ ಶಿವರಾತ್ರಿ. ಎದುರು ಮನೆಯ ನಾಗಲಿಂಗಮ್ಮ ಫಲಾರದ ತಟ್ಟೆ ಹಿಡಿದು ಬಂದು, ಹುರಿಯನ್ನು ಒಂದು ಸಲ ಎಳೆದು, ಒಳಗಿನ ಎರಡಕ್ಕೆ ಕಾದು, ತಪ್ಪದೆ ಮೂರು ಎಳೆದಿದ್ದಾಳೆ. ಮಾರಿ ನಾನೇ ಎಂದುಕೊಂಡು ತಲೆಸ್ನಾನದ ಒದ್ದೆ ಸೀರೆಯಲ್ಲೇ ಬಾಗಿಲು ತೆರೆದಿದ್ದಾಳೆ. ಮುದುಕಿಯ ಬೆನ್ನ ಹಿಂದೆ ಬೀದಿ ತುಂಬ ಗುಡಿಗೆ ಹೋಗುವ ಜನ!

"ಏನಬೇ ಪಕ್ಕೀರಿ, ನಿನ್ನ ತಂಗಿ ನನ್ನ ಮುಖದ ಮ್ಯಾಲೇ ಬಾಗಲಾ ಹಾಕಿದ್ಲು," ಎಂದು ನಾಗಲಿಂಗಮ್ಮ ನನ್ನ ಹತ್ತಿರ ದೂರು ತಂದಳು.

"ನಿನಗ ಆ ಲೆಕ್ಕ ಯಾರು ಹೇಳಿದ್ರು ನಾಗಲಿಂಗವ್ವಾ?"

"ಯಾರ್ಯಾಕ ಹೇಳಬೇಕು? ಹದಿನೈದು ವರ್ಷದಿಂದ ಈ ಕಟ್ಟಿ ಮ್ಯಾಲೆ ಕುಂತು ಶೇಂಗಾ ಸುಲೀತೀನಿ. ಒಂದು, ಎರಡು, ಮೂರು. ಅಷ್ಟೂ ಬರಂಗಿಲ್ಲೇನು ನನಗ?"

ಮಾರಿಯ ಸಿಟ್ಟೆಲ್ಲ ನನ್ನ ಮೇಲೆ. ಕೈ ಹಿಡಿದು ಹುರಿಯ ಹತ್ತಿರ ಒಯ್ದು, ಮೂರು ಬೆರಳು ತೋರಿಸಿ, ಕಿಟಕಿಯಾಚೆಗಿನ ಬೀದಿಯನ್ನೆಲ್ಲ ತೋರಿಸಿದಳು. ಕಡ್ಡಿ ಮುರಿದಂತೆ ಕೈ ಮಾಡಿದಳು. ಬೀಗ ಮುರಿದಿದೆ ಎಂದು. ನಿಜ. ಇನ್ನು ನಾನೇ ಇಲ್ಲದ ದಿನ ಯಾರು ಯಾರು ಎಳೆದಾರು? ಭಯವಾಗುತ್ತಿದೆ.

ಫೆಬ್ರವರಿ 24, ಶನಿವಾರ

ಪಾಠ ಮುಗಿಸಿಕೊಂಡು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಬೆಲ್ಟಿನ ಸದ್ದಿಗೆ ಕಿವಿ ಗುಂಯ್ ಎನ್ನುತ್ತಿತ್ತು. ಸಣ್ಣಗೆ ಬೀಸಲು ಹೇಳಿ ಎಂದು ಬೆನಕಪ್ಪನಿಗೆ ಗಂಟಲು ಹರಿಯುವಂತೆ ಕೂಗಿದೆ. ಆತ ನಕ್ಕು, ಎರಡು ಬೆರಳು ತಿಕ್ಕಿ ಮಾರಿಗೆ ತೋರಿಸಿದ. ಅದು ನಮ್ಮ ಮನೆಯ 'ಸಣ್ಣ'! ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಾರಿಗೆ ಏನೋ ಕೈ ಮಾಡಿದಳು, ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಅಲ್ಲಿ ಅರಚಿದವಳು ನಾನೊಬ್ಬಳೇ.

ಹಿಟ್ಟು ಸ್ವಲ್ಪ ದಪ್ಪವೇ ಆಗಿದೆ.

ಮಾರ್ಚ್ 3, ಶನಿವಾರ

ಇವತ್ತು ಬಾಯಿ ತಡೆಯಲಿಲ್ಲ. ಸರ್ ಹೇಳುತ್ತಿದ್ದರು:

"ಕಳ್ಳ ನಿಮ್ಮ ಗುಟ್ಟನ್ನ ಬಿಡಿಸಿ ಓದಬೇಕಂತೇನಿಲ್ಲ. ದಾರೀಲಿ ಹೋಗೋದನ್ನ ಹಿಡಕೊಂಡು, ಆಮೇಲೆ ಹಂಗಂಗೇ ತಿರುಗಿ ಕಳಿಸಿದ್ರೆ ಸಾಕು. ಬಾಗಿಲು ತೆಗೀತೈತೆ."

"ನಾಗಲಿಂಗವ್ವ!" ಎಂದೆ ನಾನು. ಹದಿಮೂರು ಮುಖಗಳು ನನ್ನತ್ತ ತಿರುಗಿದವು. ಇನ್ನು ಬಚ್ಚಿಟ್ಟು ಏನು ಪ್ರಯೋಜನ? ಹುರಿ, ಮೇಕೆ, ಫಲಾರದ ತಟ್ಟೆ, ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಸರ್ ಸೀಮೆಸುಣ್ಣ ಇಟ್ಟು ಮೇಜಿನ ಮೇಲೆ ಕೂತುಬಿಟ್ಟರು.

"ಹಂಗಾರೆ ಇದಕ್ಕೆ ಏನು ಮಾಡ್ತೀರಿ, ನೀವೇ ಹೇಳ್ರಿ ನೋಡೋಣ."

"ಒಳಗಿನಾಕಿ ದಿನಾ ಒಂದೇ ಪ್ರಶ್ನಿ ಕೇಳಬಾರ್ದ್ರಿ. ಒಂದೊಂದ್ಸಲ ಒಂದೊಂದು ಕೇಳಬೇಕು. ಉತ್ತರ ಮಾಡೋ ಲೆಕ್ಕ ಇಬ್ಬರ ತಲ್ಯಾಗ ಮಾತ್ರ ಇರಬೇಕು. ಆ ಲೆಕ್ಕ ಹುರಿ ಮ್ಯಾಲೆ ಹೋಗಬಾರದು."

ಅವರು ಅದನ್ನು ಹೇಳಿದ ಹಾಗೆಯೇ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದರು. ಹದಿಮೂರು ಜನ ಅದನ್ನು ಬರೆದುಕೊಂಡರು. ಆಮೇಲೆ ಇನ್ನೆರಡು ನಿಯಮ ಸೇರಿಸಿದರು. ಮೂರು ಸಲ ತಪ್ಪು ಉತ್ತರ ಬಂದರೆ ದಾರಿಯನ್ನೇ ಮುಚ್ಚಿಬಿಡಬೇಕು. ಮೂರನೆಯವರಿಗೆ ಲೆಕ್ಕ ತಿಳಿಯಿತೆಂದರೆ ಅವತ್ತೇ ಬದಲಿಸಬೇಕು.

ಮಾರ್ಚ್ 4, ಭಾನುವಾರ

ಇಡೀ ದಿನ ಮಾರಿ, ನಾನು, ಹುರಿ. ಅವಳು ಎಷ್ಟು ಎಳೆಯುತ್ತಾಳೋ ಅದಕ್ಕೆ ಒಂದು ಕೂಡಿಸಿ ನಾನು ಎಳೆಯುವುದು ಎಂದು ಹೇಳಿಕೊಟ್ಟೆ. ಅವಳು ತಲೆ ಅಲ್ಲಾಡಿಸಿದಳು. ಒಂದು ಬಹಳ ಸುಲಭವಂತೆ, ಎರಡು ಕೂಡಿಸು ಎಂದಳು. ಸರಿ ತಾಯಿ ಎಂದೆ. ಸರ್ ಹೇಳಿದ ಇನ್ನೆರಡು ನಿಯಮಗಳನ್ನೂ ಹೇಳಿದೆ, ಎರಡೆರಡು ಸಲ ಕೇಳಿ ತಿಳಿದುಕೊಂಡಳು.

ಸಂಜೆ ನಾಗಲಿಂಗಮ್ಮನನ್ನೇ ಕರೆದು ಎಳೆ ಎಂದೆವು. ಮುದುಕಿ ಒಂದು ಎಳೆದಳು, ಒಳಗಿನಿಂದ ನಾಲ್ಕು ಬಂತು, ಮೂರು ಎಳೆದಳು. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. "ಇದ್ಯಾವ ಮಾಟಾನಬೇ ನಿಮ್ದು!" ಎಂದು ಬೈದು ಹೋದಳು. ಮಾರಿ ನಗುನಗುತ್ತ ನೆಲದ ಮೇಲೆ ಕೂತುಬಿಟ್ಟಳು. ಎಷ್ಟು ದಿನವಾಗಿತ್ತು ಅವಳು ಹಾಗೆ ನಕ್ಕು.

ಮಾರ್ಚ್ 25, ಭಾನುವಾರ

ಕೊಟ್ಟೂರಿನಿಂದ ಕೊಟ್ರಮ್ಮನೂ ಹಡಗಲಿಯಿಂದ ಇಬ್ಬರೂ ಬಸ್ಸು ಹತ್ತಿ ನಮ್ಮ ಮನೆಗೆ ಓದಲು ಬಂದಿದ್ದರು. ಇದು ಮೂರನೇ ಭಾನುವಾರ. ಕೊಟ್ರಮ್ಮನಿಗೆ ಬೀಗ ಒಂದು, ಕೀಲಿ ಎರಡು, ಹಾಕುವ ಕೀಲಿ ಎಲ್ಲರದು, ತೆಗೆಯುವುದು ಒಬ್ಬರದು ಎಂಬ ಗುಟ್ಟಿನ ಬರಹದ ಪಾಠ ಹತ್ತುವುದೇ ಇಲ್ಲ. ಅಂಚೆ ಡಬ್ಬಿ ತೋರಿಸಿ ಹೇಳಿದೆ: ಕಾಗದ ಹಾಕುವ ಬಾಯಿ ಊರಿಗೆಲ್ಲ ತೆರೆದಿದೆ, ಅದೇ ಒಂದು ಕೀಲಿ; ತೆಗೆಯುವ ಕೀಲಿ ಮಾತ್ರ ಅಂಚೆಯವನ ಹತ್ತಿರ. "ಅಷ್ಟೇ ಏನು? ಆ ಹುಡುಗ ಯಾಕ ಹಿಂಗ ಹೇಳಲಿಲ್ಲ ಮತ್ತ!" ಎಂದಳು.

ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಕೊಟ್ರಮ್ಮ, ಮಾರಿ ಕೈಯಲ್ಲೇ ಏನೋ ಹರಟುತ್ತಿದ್ದರು. ಏನದು ಎಂದು ಕೇಳಿದರೆ ಇಬ್ಬರೂ ಹೇಳಲಿಲ್ಲ.

ಏಪ್ರಿಲ್ 22, ಭಾನುವಾರ

ಪರೀಕ್ಷೆ ಮುಗಿಯಿತು. ಬಳ್ಳಾರಿಯ ಬಿಸಿಲಿಗೆ ಪೆನ್ನು ಹಿಡಿದ ಕೈ ಬೆವೆತು ಜಾರುತ್ತಿತ್ತು. ಐದನೇ ಪ್ರಶ್ನೆ: ಕರೆ ಮಾಡಿದವರು ತಾವು ಹೇಳಿಕೊಂಡವರೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಪುಸ್ತಕದಲ್ಲಿ ಇದ್ದದ್ದು ಬರೆದೆ. ಅದರ ಕೆಳಗೆ, ಕೇಳದೆಯೇ, ನಾನು ಮಾಡಿದ್ದನ್ನೂ ಬರೆದೆ. ಅರ್ಜೆಂಟ್ ಕಾಲ್ ಬುಕ್ ಮಾಡಿದವರಿಗೆ 'ಇಡ್ರಿ' ಎಂದು ಹೇಳಿ, ರಿಜಿಸ್ಟರಿನಲ್ಲಿರುವ ಅವರ ನಂಬರಿಗೆ ನಾವೇ ತಿರುಗಿ ಫೋನ್ ಮಾಡುತ್ತಿದ್ದೆವು. ಸುಳ್ಳು ಹೇಳಿದವನು ಅಲ್ಲಿ ಸಿಗುತ್ತಿರಲಿಲ್ಲ. ಕದ್ದು ಕೇಳುವುದರ ಬಗ್ಗೆಯೂ ಬರೆದೆ. ಹತ್ತೊಂಬತ್ತು ವರ್ಷ ಕಿವಿಗೆ ಬಿದ್ದ ಒಂದು ಮಾತನ್ನೂ ನಾನು ಮನೆಗೆ ತಂದಿಲ್ಲ ಎಂದು ಬರೆದೆ. ಇದಕ್ಕೆ ಅಂಕ ಕೊಡುತ್ತಾರೋ ಬಿಡುತ್ತಾರೋ.

ಮೇ 16, ಬುಧವಾರ

ಪಾಸು! ಹದಿನಾಲ್ಕರಲ್ಲಿ ಹನ್ನೊಂದು ಜನ ಪಾಸು. ಕೊಟ್ರಮ್ಮನೂ. ನಾನು ಎರಡನೆಯವಳು. ಗವಿಸಿದ್ದೇಶ್ ಸರ್ ಹರಪನಹಳ್ಳಿಯಿಂದಲೇ ಫೋನ್ ಮಾಡಿ ಹೇಳಿದರು. ನನಗಿಂತ ಅವರಿಗೇ ಹೆಚ್ಚು ಖುಷಿ.

ಕೊನೆಯಲ್ಲಿ ಹೇಳಿದರು: "ಇಪ್ಪತ್ತೆಂಟಕ್ಕೆ ಬಳ್ಳಾರಿಗೆ ತರಬೇತಿಗೆ ಹೋಗ್ಬೇಕು ಮೇಡಮ್ಮಾರೆ. ಹತ್ತು ವಾರ. ಶನಿವಾರ ಭಾನುವಾರ ಮನಿಗೆ ಬರಬೌದು. ಅದಾದ ಮ್ಯಾಲೇನೇ ಆರ್ಡರ್ ಕೊಡೋದು."

ಹತ್ತು ವಾರ! ಇದನ್ನು ಯಾರೂ ಮೊದಲು ಹೇಳಿರಲಿಲ್ಲ. ಮಾರಿಯನ್ನು ಬಿಟ್ಟು ಹೋಗಬಾರದೆಂದೇ ಇಷ್ಟೆಲ್ಲ ಓದಿದ್ದು. ಈಗ ಓದಿದ್ದಕ್ಕೇ ಬಿಟ್ಟು ಹೋಗಬೇಕಂತೆ.

ಮೇ 18, ಶುಕ್ರವಾರ

ಹೋಗುವುದಿಲ್ಲವೆಂದು ಅರ್ಜಿ ಬರೆದಿಟ್ಟಿದ್ದೆ. ಮಾರಿ ಅದನ್ನು ಒಲೆಗೆ ಹಾಕಿದ್ದಾಳೆ. ಎದುರಿಗೆ ನಿಂತು ತೋಳನ್ನು ಕಂಬದಂತೆ ನಿಲ್ಲಿಸಿದಳು, ಅಪ್ಪ. ಕುಣಿ ತೋಡುವಂತೆ ಕೈಮಾಡಿದಳು. ನನ್ನ ಕಿವಿ ಮುಟ್ಟಿ, ದೂರಕ್ಕೆ ಬೆರಳು ಚಾಚಿದಳು. ಅಪ್ಪ ಕುಣಿ ತೋಡಿದ್ದು ದೂರದ ಮಾತು ಮನೆಗೆ ಬರಲೆಂದು, ನೀನು ದೂರ ಹೋಗಲು ಯಾಕೆ ಹೆದರುತ್ತೀ ಎಂದು. ನಾನು ಅತ್ತೆ. ಅವಳು ಅಳಲಿಲ್ಲ, ಹಿಟ್ಟಿನ ಕೈಯಲ್ಲೇ ನನ್ನ ಮುಖ ಒರೆಸಿದಳು. ಬೆಳ್ಳಗೆ ಮಾಡಿ ಇಟ್ಟಳು.

ಮೇ 20, ಭಾನುವಾರ

ನಮ್ಮ ಲೈನ್‌ಮನ್ ಕ್ರಾಂತಿಕುಮಾರ್ ಬಂದು ಮನೆಯ ಫೋನಿಗೆ ಒಂದು ದೀಪ ಕಟ್ಟಿದ.

"ಅಕ್ಕಾ, ಗಂಟಿ ಬಾರಿಸೋ ಕರೆಂಟು ಹೆಂಗೂ ತಂತ್ಯಾಗ ಬರ್ತೈತಿ. ಅದಕ್ಕ ಇದನ್ನ ಜೋಡಿಸೀನಿ. ಫೋನು ಒಂದ್ಸಲ ಒದರಿದ್ರ ದೀಪ ಒಂದ್ಸಲ ಮಿಂಚತೈತಿ."

ಲೆಕ್ಕ ಹುರಿಯದ್ದೇ. ನಾನು ಫೋನ್ ಮಾಡಿದರೆ ದೀಪ ಮಿಂಚುತ್ತದೆ. ಮಾರಿ ಎತ್ತಿ, ಮನಸ್ಸಿಗೆ ಬಂದಷ್ಟು ಸಲ ಉಗುರಿನಿಂದ ಕುಟ್ಟಿ ಇಡುತ್ತಾಳೆ. ಅದಕ್ಕೆ ಎರಡು ಕೂಡಿಸಿ ಅಷ್ಟು ಸಲ ದೀಪ ಮಿಂಚಿಸಿ ನಾನು ಬಿಡುತ್ತೇನೆ. ಲೆಕ್ಕ ಸರಿಯಿದ್ದರೆ, ಮೂರನೇ ಸಲ ನಾನು ಮಾಡಿದಾಗ ಎತ್ತಿ ಒಂದೇ ಸಲ ಕುಟ್ಟುತ್ತಾಳೆ: ಕ್ಷೇಮ. ನಾನು ಆಫೀಸಿಗೆ ಹೋಗಿ ಅಲ್ಲಿಂದ ಹತ್ತು ಸಲ ಮಾಡಿ ನೋಡಿದೆ. ತಿರುಗಿ ಬಂದಾಗ ಕ್ರಾಂತಿ ಎರಡು ಬೆರಳು ಎತ್ತಿ, "ಎರಡು ಕೂಡಸ್ತೀರಿ, ಹೌದಲ್ಲ ಅಕ್ಕಾ?" ಎಂದು ನಕ್ಕ. ಚುರುಕು ಹುಡುಗ. ಮಾರಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

ಮೇ 29, ಮಂಗಳವಾರ, ಬಳ್ಳಾರಿ

ಸಂಜೆ ಆರಕ್ಕೆ ಹಾಸ್ಟೆಲಿನ ಎದುರಿನ ಬೂತಿನಿಂದ ಮಾಡಿದೆ. ಎತ್ತಿದಳು. ಟಕ್ ಟಕ್ ಟಕ್ ಟಕ್. ನಾಲ್ಕು. ಮತ್ತೆ ಮಾಡಿ ಆರು ಸಲ ಬಡಿಸಿ ಬಿಟ್ಟೆ. ಮೂರನೇ ಸಲ ಎತ್ತಿ, ಟಕ್. ಹಿಂದೆ ನಾಗಲಿಂಗಮ್ಮನ ದನಿ: "ಪಕ್ಕೀರೀನಾ? ಉಂಡಾಳೇನು ಕೇಳಬೇ!" ಕಿವುಡಿಗೆ ಕೇಳು ಎನ್ನುತ್ತಿದೆ ಮುದುಕಿ. ಇನ್ನೂ ಸ್ವಲ್ಪ ಹೊತ್ತು ಹಿಡಿದಿರಬೇಕೆಂದಿದ್ದೆ, ಅಷ್ಟರಲ್ಲಿ ಮಾರಿ ಇಟ್ಟುಬಿಟ್ಟಳು.

ಬೂತಿನವನು ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಒಂದು ಮಾತೂ ಆಡದೆ ಮೂರು ಸಲ ಫೋನ್ ಮಾಡಿ, ಕಣ್ಣೊರೆಸಿಕೊಂಡು ಬಂದೆ.

ಜೂನ್ 2, ಶನಿವಾರ, ಕೂಡ್ಲಿಗಿ

ಮಧ್ಯಾಹ್ನದ ಬಸ್ಸಿಗೆ ಬಂದೆ. ಚೀಲ ಇಳಿಸಿ ಹುರಿ ಎಳೆದೆ. ಒಳಗಿನಿಂದ ಮೂರು ಬಂತು. ಐದು ಎಳೆದೆ. ಬಾಗಿಲು ತೆರೆಯಲಿಲ್ಲ. ಎಣಿಕೆ ತಪ್ಪಿರಬೇಕೆಂದು ಮತ್ತೆ ಎಳೆದೆ. ಒಳಗಿನಿಂದ ನಾಲ್ಕು. ನಿಧಾನವಾಗಿ ಎಣಿಸಿ ಆರು ಎಳೆದೆ. ಇಲ್ಲ. ಮೂರನೇ ಸಲ ಎರಡು ಬಂತು, ನಾಲ್ಕು ಎಳೆದೆ. ಅಷ್ಟೇ, ಇಡೀ ಹುರಿ ನನ್ನ ಕೈಯಿಂದ ಜಾರಿ ಸರಸರನೆ ಒಳಗೆ ಹೋಗಿಬಿಟ್ಟಿತು. ನನ್ನ ಮನೆಯ ಮುಂದೆ ನಾನೇ ಬೆಪ್ಪಾಗಿ ನಿಂತಿದ್ದೆ.

ಎದುರಿನ ಕಟ್ಟೆಯ ಮೇಲೆ ನಾಗಲಿಂಗಮ್ಮ ಶೇಂಗಾ ಬಿಟ್ಟು ಬಿದ್ದುಬಿದ್ದು ನಗುತ್ತಿದ್ದಳು.

"ಮೂರು ಸಲ ತಪ್ಪಿದಿ ಪಕ್ಕೀರಿ! ನಿಂದು ಮುಗೀತು!"

ಕಿಟಕಿಯ ಬಾಗಿಲು ತೆರೆಯಿತು. ಸರಳುಗಳ ಹಿಂದೆ ಮಾರಿ. ಹುರಿ ಎಳೆಯುತ್ತಿರುವವಳು ನಾನೇ ಎಂದು ಅವಳಿಗೆ ಮೊದಲೇ ಗೊತ್ತಿತ್ತೆಂದು ಅವಳ ಮುಖವೇ ಹೇಳುತ್ತಿತ್ತು. ಇದೇನೇ ಎಂದು ಕೈ ತಿರುಗಿಸಿದೆ. ಅವಳು ತಂತಿ ಬಿಗಿಯುವಂತೆ ಕೈ ಮಾಡಿ, ಅಂದರೆ ಕ್ರಾಂತಿ, ಎರಡು ಬೆರಳು ತೋರಿಸಿದಳು. ಅವನಿಗೆ ತಿಳಿದುಹೋಗಿದೆ; ದೀಪಕ್ಕೆ ಹಳೆಯದೇ ಸಾಕು, ನೀನು ಹೋದ ಮೇಲೆ ಬಾಗಿಲಿನದನ್ನು ಬದಲಿಸಿದೆ. ಮೂರನೆಯವರಿಗೆ ತಿಳಿದರೆ ಬದಲಿಸಬೇಕು, ನೀನೇ ಹೇಳಿದ್ದು. ಹೌದು ಮಾರಾಯ್ತಿ, ನಾನೇ ಹೇಳಿದ್ದು. ಹೊಸ ಲೆಕ್ಕ ಏನು?

ನಾಗಲಿಂಗಮ್ಮನಿಗೆ ಕಾಣದಂತೆ ಸೆರಗು ಅಡ್ಡ ಹಿಡಿದು, ಐದು ಬೆರಳು ಬಿಚ್ಚಿ ಒಂದನ್ನು ಮಡಚಿದಳು. ಒಂದು ಕಳೆಯಬೇಕು. ಯಾಕೆ ಎಂದೆ. ಅವಳು ಹಿಂದೆ ತಿರುಗಿ ಮನೆಯನ್ನು ತೋರಿಸಿ, ತನ್ನ ಕಿವಿಯನ್ನು ಮುಟ್ಟಿಕೊಂಡಳು. ನಾನು. ಮನೆ. ಮಡಚಿದ ಬೆರಳು. ಮನೆಯಲ್ಲಿ ಒಬ್ಬಳು ಕಡಿಮೆ.

ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು! ಸರಳಿನೊಳಗೆ ಕೈ ಹಾಕಿ ಅವಳ ಮಡಚಿದ ಬೆರಳನ್ನು ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು, ಹುರಿಯನ್ನು ಮತ್ತೆ ಹೊರಗೆ ಬಿಟ್ಟು, ಕಿಟಕಿ ಮುಚ್ಚಿದಳು. ಅಕ್ಕ ಎಂದು ಸುಮ್ಮನೆ ಒಳಗೆ ಬಿಡುವ ಹೆಣ್ಣಲ್ಲ ಅವಳು.

ಒಂದು ಎಳೆದೆ. ಐದು ಬಂತು. ನಾಲ್ಕು ಎಳೆದೆ. ಅಗಳಿ ಸರಿಯಿತು.

ಅನ್ನ, ಪುಂಡಿಪಲ್ಯ, ನಾಗಲಿಂಗಮ್ಮ ಕೊಟ್ಟ ಶೇಂಗಾ ಚಟ್ನಿ. ಊಟವಾಯಿತು. ಮಾರಿ ಗಿರಣಿಗೆ ಹೋದಳು, ಇವತ್ತು ಅಲ್ಲಿ ಬಹಳ ಕೆಲಸವಂತೆ. ಇನ್ನು ಒಂಬತ್ತು ವಾರ. ನಾನು ತಿರುಗಿ ಬಂದ ಮೇಲೆ ಈ ಲೆಕ್ಕ ಬದಲಾಗಲೇಬೇಕು, ಎಷ್ಟು ಕೂಡಿಸಬೇಕೆಂಬುದನ್ನು ಅವಳೇ ಹೇಳಲಿ.

ಗುಟ್ಟನ್ನು ಎಲ್ಲಿಯೂ ಬರೆದಿಡಬಾರದು ಎಂದು ಸೋಮವಾರವೇ ಪಾಠವಾಗಿದೆ. ಈ ಚೀಟಿಯನ್ನು ಒಲೆಗೆ ಹಾಕಬೇಕು. ಇವತ್ತು ಮನಸ್ಸಿಲ್ಲ, ನಾಳೆ ಹಾಕುತ್ತೇನೆ.